ಅಪರಾಹ್ನದ ತಿಥಿ

ಹೊಸ ಆವೃತ್ತಿಯಲ್ಲಿ ಏನೇನು ಇರಬೇಕೆಂದು ಗೊತ್ತುಮಾಡಲು ಆ ಭಾನುವಾರ ನಾವು ಮೂವರು ಭದ್ರಾವತಿಯಲ್ಲಿ ಸುಷ್ಮಾಳ ಮನೆಯಲ್ಲಿ ಸೇರುವುದೆಂದಾಗಿತ್ತು. ಹಿಂದೆಲ್ಲ ನಾಲ್ವರು ಸೇರುತ್ತಿದ್ದೆವು. ಶಿವಮೊಗ್ಗದಲ್ಲಿ ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟನ್ನು ಬಿಟ್ಟು ಈಚೆ ಕುಳಿತೆ. ಮಲವಗೊಪ್ಪದಲ್ಲಿ ಹತ್ತಿದವನೊಬ್ಬ, "ಒಳಗೆ ಸರೀರಿ ಯಜಮಾನ್ರೇ, ಯಾರಿಗೆ ಹಿಡ್ಕಂಡಿದೀರಿ?" ಎಂದ. ಸರಿದು ಕುಳಿತೆ.

ನಮ್ಮದು ಪಂಚಾಂಗದ ಲೆಕ್ಕ ಮಾಡುವ ಲೈಬ್ರರಿ. ಪುಸ್ತಕದ್ದಲ್ಲ, ಕಂಪ್ಯೂಟರಿನದು. ದಿನಾಂಕ ಮತ್ತು ಊರು ಕೊಟ್ಟರೆ ತಿಥಿ, ನಕ್ಷತ್ರ ಹೇಳುತ್ತದೆ. ಮೊಬೈಲಿಗೆ ಕ್ಯಾಲೆಂಡರ್ ಮಾಡುವವರು ಯಾರು ಬೇಕಾದರೂ ಇದನ್ನು ಪುಕ್ಕಟೆಯಾಗಿ ಬಳಸಬಹುದು, ತಿದ್ದಲೂಬಹುದು. ನಾವು ಬಿಡುವಿನಲ್ಲಿ ಮಾಡುವ ಕೆಲಸ, ಸಂಬಳವಿಲ್ಲ. ಗಣಿತ ನನ್ನದು. ಶಾಸ್ತ್ರದ ನಿಯಮಗಳನ್ನು ನನ್ನ ಹೆಂಡತಿ ಸೀತಾಲಕ್ಷ್ಮಿ ನೋಡಿಕೊಳ್ಳುತ್ತಿದ್ದಳು. ವೈದಿಕರ ಮನೆಯ ಮಗಳು; ಯಾರು ಶಾಸ್ತ್ರ ಕೇಳಿದರೂ ನಾನು ಒಳಗೆ ಹೋಗಿ ಅವಳನ್ನು ಕೇಳಿ ಬಂದು ಹೇಳುತ್ತಿದ್ದೆ. ವಯಸ್ಸಾದ ಮೇಲೆ ಸುಷ್ಮಾಳಿಂದ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಶ್ರಾದ್ಧದ ದಿನ ಗೊತ್ತುಮಾಡುವ ಹೊಸ ಭಾಗವನ್ನು ಬರೆದು, ಬಿಡುಗಡೆಗೆ ಮೊದಲು ಎಲ್ಲರಿಗೂ ನೋಡಲು ಹಾಕಿ ಪರೀಕ್ಷಿಸುತ್ತಿರುವಾಗಲೇ ಭಗವಂತ ಅವಳನ್ನು ಕರೆಸಿಕೊಂಡ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ಭಾಗದ ಮೇಲೂ ಅದನ್ನು ನೋಡಿಕೊಳ್ಳುವವರ ಹೆಸರಿರಬೇಕು. ಯಾರು ಏನು ಕೇಳಿದರೂ ಅವರೇ ಉತ್ತರ ಹೇಳಬೇಕು. ನೋಡಿಕೊಳ್ಳುವವರಿಲ್ಲದ ಭಾಗ ಬಿಡುಗಡೆಗೆ ಸೇರುವುದಿಲ್ಲ.

"ಶ್ರಾದ್ಧದ್ದು ಈ ಸಲ ಬಿಟ್ಟುಬಿಡೋಣ ಸರ್," ಎಂದ ಅತುಲ್, ಸುಷ್ಮಾಳ ಮನೆಯಲ್ಲಿ ಕಾಫಿಗೆ ಕುಳಿತಾಗ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಂದೆಯ ಬಟ್ಟೆ ಅಂಗಡಿ ನೋಡಿಕೊಳ್ಳುವ ಹುಡುಗ.

"ಅವಳ ಹೆಸರು ಇದೆಯಲ್ಲ."

"ಇದೆ ಸರ್. ಆದ್ರೆ..." ಅವನು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದ.

ಸುಷ್ಮಾ ಹೇಳಿದಳು: "ಜನ ಸೀತಾಲಕ್ಷ್ಮಿ ಅಮ್ಮನ ಹೆಸರಿಗೇ ಪ್ರಶ್ನೆ ಬರೆದು ಕಾಯ್ತಿದಾರೆ ಸರ್. ನೀವು ಹೆಸರು ಹಾಕ್ಕೊಳ್ಳಿ ಅಂದ್ರೆ ಒಪ್ಪಲ್ಲ. ನಾನು ಹಾಕ್ಕೊಳ್ತೀನಿ ಅಂದ್ರೆ ಮುಖ ಊದಿಸ್ಕೊಳ್ತೀರಿ."

"ನಾನೆಲ್ಲಿ ಊದಿಸಿಕೊಂಡೆ ಮಾರಾಯ್ತಿ?"

"ಈಗ ಮಾಡ್ತಿರೋದು ಏನು ಮತ್ತೆ? ಅತುಲ್, ನೀನೇ ಹೇಳೋ."

"ಇಂಥ ಗಿರಾಕಿಗಳು ದಿನಾ ಬರ್ತಾರೆ. ಸೀರೆ ತಗೊಳ್ಳಲ್ಲ, ಎದ್ದೂ ಹೋಗಲ್ಲ."

ನನಗೂ ನಗು ಬಂತು. ಆಮೇಲೆ ಹೇಳಬೇಕಾದ್ದನ್ನು ಹೇಳಿದೆ. ಅವಳ ಮೊದಲ ವರ್ಷದ ಶ್ರಾದ್ಧದ ದಿನವನ್ನು ನಮ್ಮ ಈಗಿನ ಆವೃತ್ತಿಯಲ್ಲೇ ನೋಡಿ ಪುರೋಹಿತರಿಗೆ ತಿಳಿಸಿದ್ದೆ. ಅವರು, "ರಾಯರೇ, ನೀವು ಸೂರ್ಯೋದಯದ ತಿಥಿ ಹಿಡಿದಿದ್ದೀರಿ. ಶ್ರಾದ್ಧಕ್ಕೆ ಮಧ್ಯಾಹ್ನ ದಾಟಿದ ಮೇಲೆ, ಅಪರಾಹ್ನದಲ್ಲಿ ಇರೋ ತಿಥಿ ಬೇಕು. ಹಿಂದಿನ ದಿನವೇ ಮಾಡ್ಬೇಕು," ಎಂದರು. ಬಿಡುಗಡೆಯಾಗದೆ ಉಳಿದ ಭಾಗದಲ್ಲಿ ಅವಳು ತಿದ್ದಿದ್ದು ಇದನ್ನೇ. ನನಗೆ ಹೇಳಲು ಪುರೋಹಿತರಿದ್ದರು. ಮೊಬೈಲ್ ಒಂದನ್ನೇ ನಂಬಿದವರ ಮನೆಯ ಪಿತೃಗಳು ಹಿಂದಿನ ದಿನವೇ ಬಂದು, ಎಲೆ ಹಾಕುವವರಿಲ್ಲದೆ ಹಸಿದು ಹೋಗುತ್ತಾರೆ.

"ಮಹಾಲಯ ಬೇರೆ ಹತ್ರ ಬಂತು. ಬಿಡೋ ಹಾಗಿಲ್ಲ," ಎಂದು ಸುಷ್ಮಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

ನೋಡಿಕೊಳ್ಳುವವರ ಸಾಲಿನಲ್ಲಿದ್ದ ಸೀತಾಲಕ್ಷ್ಮಿಯ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿದೆ. ಅಲ್ಲಿ ನನ್ನ ಹೆಸರು, ಜನಾರ್ದನ ಎಂದು ಬರೆದೆ. ಬರೆದವರ ಸಾಲಿನಲ್ಲಿ ಅಮ್ಮನ ಹೆಸರು ಹಾಗೇ ಇರುತ್ತದೆಂದು ಅತುಲ್ ಮೆಲ್ಲಗೆ ಹೇಳಿದ. ಇರಲಿ. ಆದರೆ ಇನ್ನು ಯಾರೂ ಅವಳನ್ನು ಏನೂ ಕೇಳುವುದಿಲ್ಲ.

ಉತ್ತರಕ್ಕೆ ಕಾದಿದ್ದ ಪ್ರಶ್ನೆಗಳಲ್ಲಿ ಮೊದಲನೆಯದನ್ನು ಸುಷ್ಮಾ ಓದಿದಳು: "ಎರಡು ದಿನವೂ ಅಪರಾಹ್ನದಲ್ಲಿ ಅದೇ ತಿಥಿ ಇದ್ದರೆ ಯಾವ ದಿನ ಹಿಡಿಯಬೇಕು?"

"ತಡಿ, ಒಳಗೆ ಕೇಳಿ ಹೇಳ್ತೀನಿ," ಎಂದೆ.

ಒಳಗೆ ಸುಷ್ಮಾಳ ಅತ್ತೆ ಪಾತ್ರೆ ಜೋಡಿಸುತ್ತಿದ್ದರು. ಅತುಲ್ ಬಿಸ್ಕತ್ತಿನ ತಟ್ಟೆಯನ್ನು ನನ್ನತ್ತ ಸರಿಸಿದ. ಸುಷ್ಮಾ ಪರದೆಯಿಂದ ಕಣ್ಣೆತ್ತಲಿಲ್ಲ.

"ಪುರೋಹಿತರನ್ನ ಕೇಳ್ಬೇಕು. ನಾಳಿದ್ದು ಉತ್ತರ ಬರೀತೀನಿ ಅಂತ ಹಾಕು," ಎಂದೆ.

ಅವಳು ಹಾಗೇ ಹಾಕಿ, ಎರಡನೆಯ ಪ್ರಶ್ನೆ ತೆರೆದಳು.