ರಾಮಲಿಂಗಪ್ಪನ ಕನ್ವರ್ಟರೂ ತನಿಯಪ್ಪನ ತೂಕವೂ

ಪುಣೆಯ ಚಿಂಚವಾಡದ ಕನ್ನಡ ಬಳಗದವರು ಆರೋಗ್ಯ ಮಾಸ ಆಚರಿಸಬೇಕೆಂದು ಹೊರಟಾಗ ಮೊದಲು ಎದ್ದ ಪ್ರಶ್ನೆ ಆರೋಗ್ಯದ್ದಲ್ಲ, ತಕ್ಕಡಿಯದು. ತೂಕ ಇಳಿಸುವ ಸ್ಪರ್ಧೆ ಇಡೋಣ, ಈ ಭಾನುವಾರ ಎಲ್ಲರನ್ನೂ ತೂಗೋಣ, ತಿಂಗಳು ಬಿಟ್ಟು ಮತ್ತೆ ತೂಗೋಣ, ಹೆಚ್ಚು ಇಳಿದವರಿಗೆ ಬಹುಮಾನ ಕೊಡೋಣ ಎಂದು ಕಾರ್ಯದರ್ಶಿ ಶೀತಲ್ ಹೇಳಿದಳು. ಎಲ್ಲರೂ ಸೈ ಎಂದರು. ಆದರೆ ತೂಗುವುದು ಯಾವುದರ ಮೇಲೆ?

ಬಳಗದ ಹಾಲಿನ ಮೂಲೆಯಲ್ಲಿ ಒಂದು ಕಬ್ಬಿಣದ ಎಲೆಕ್ಟ್ರಾನಿಕ್ ಕಾಟಾ ಇತ್ತು. ಸಾಸವಡದ ಅಂಜೂರದ ವ್ಯಾಪಾರಿಯೊಬ್ಬರು ಅಂಗಡಿ ಮುಚ್ಚುವಾಗ ದಾನ ಕೊಟ್ಟದ್ದು. ಎಮ್ಮೆಯನ್ನು ನಿಲ್ಲಿಸಿದರೂ ಜಗ್ಗದಂಥದು. ಒಂದೇ ದೋಷವೆಂದರೆ ಅದರ ಅಂಕಿ ತೋರಿಸುವ ಕಿಟಕಿ ಸತ್ತು ವರ್ಷಗಳಾಗಿದ್ದವು. ಹೀಗಾಗಿ ಅದರ ಮೇಲೆ ಕುಂಡಗಳನ್ನು ಇಟ್ಟಿದ್ದರು.

"ಕಿಟಕಿ ಸತ್ತಿರಬಹುದು, ಕಾಟಾ ಸತ್ತಿಲ್ಲ," ಎಂದ ರಾಮಲಿಂಗಪ್ಪ. ಇಂಡಿ ಕಡೆಯವನು. ಭೋಸರಿಯ ಗಿಯರ್ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತನಾದ ಮೇಲೆ, ಕೆಟ್ಟ ವಸ್ತು ಕಂಡರೆ ಅವನ ಕೈ ತುರಿಸುತ್ತಿತ್ತು. ಕುಂಡ ಸರಿಸಿ, ಮೊಣಕಾಲೂರಿ, ಕಾಟಾದ ಬೆನ್ನು ನೋಡಿದ. ಒಂಬತ್ತು ತೂತಿನ ಹಳೆಯ ಪೋರ್ಟ್ ಅಲ್ಲಿತ್ತು. "ನೋಡ್ರಿ, ಇದು ಈಗೂ ಮಾತಾಡ್ತದ. ಕೇಳೋರಿಲ್ಲ, ಅಷ್ಟ. ಲ್ಯಾಪ್‌ಟಾಪಿಗೆ ಜೋಡಿಸಿದ್ರ ತೂಕ ಗೋಡೆ ಮ್ಯಾಲೆ ಸಿನಿಮಾದಂಗ ಬರ್ತದ."

"ಕಾಕಾ, ಈಗಿನ ಲ್ಯಾಪ್‌ಟಾಪಿಗೆ ಈ ಪೋರ್ಟ್ ಎಲ್ಲಿಂದ ತರ್ತೀರಿ?" ಎಂದಳು ಶೀತಲ್. ಹಿಂಜವಾಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. "ಬೇಕಾದ್ರ ರೆಡಿಮೇಡ್ ಕನ್ವರ್ಟರ್ ವೈರ್ ಸಿಗ್ತದ. ಮಾಡೂದು ಯಾಕ?"

"ರೆಡಿಮೇಡ್ ಚಪಾತಿನೂ ಸಿಗ್ತದ. ನಿಮ್ಮವ್ವ ತರಸ್ತಾಳೇನು? ನಾ ಮಾಡ್ತೀನಿ ತಡಿ."

ಹಾಗೆ ಕೆಲಸ ಅವನ ತಲೆಯ ಮೇಲೆ ಬಂತು. ಬಂತೆನ್ನುವುದು ತಪ್ಪು, ಅವನೇ ಎಳೆದುಕೊಂಡ. ಕಾಟಾವನ್ನೂ ಶೀತಲ್‌ಳ ಲ್ಯಾಪ್‌ಟಾಪನ್ನೂ ರಿಕ್ಷಾದಲ್ಲಿ ಮನೆಗೆ ತಂದ. ಅವನ ಹೆಂಡತಿ ಮಾನಮ್ಮ ಬಾಗಿಲಲ್ಲೇ ನಿಂತು, "ಇದನ್ನ ಎಲ್ಲಿಡ್ತೀರಿ, ನನ್ನ ತಲಿ ಮ್ಯಾಲೇನು?" ಎಂದು ಕೇಳಿದಳು. ಅವನು ಊಟದ ಟೇಬಲ್ಲನ್ನು ಬಾಲ್ಕನಿಗೆ ದಬ್ಬಿ ಜಾಗ ಮಾಡಿದ. ಆ ವಾರವೆಲ್ಲ ಇಬ್ಬರೂ ನೆಲದ ಮೇಲೆ ಕುಳಿತು ಉಂಡರು.

ಕೆಲಸವೇನೋ ದೊಡ್ಡದಲ್ಲ. ಕಾಟಾದ್ದು ಗಟ್ಟಿ ದನಿ, ಹನ್ನೆರಡು ವೋಲ್ಟಿನಲ್ಲಿ ಕೂಗುತ್ತದೆ. ಲ್ಯಾಪ್‌ಟಾಪಿನ ಕಿವಿ ಸೂಕ್ಷ್ಮ, ಐದು ವೋಲ್ಟಿಗಿಂತ ಹೆಚ್ಚು ತಡೆಯದು. ನಡುವೆ ಒಂದು ಚಿಪ್ ಕೂತು ಇವನ ಮಾತನ್ನು ಅವನಿಗೆ ಮೆಲ್ಲಗೆ ಹೇಳಬೇಕು. ಮೊದಲ ಚಿಪ್ಪನ್ನು ರಾಮಲಿಂಗಪ್ಪ ತಲೆಕೆಳಗಾಗಿ ಬೆಸೆದ. ಅದು ಒಂದು ಸಣ್ಣ ನಿಟ್ಟುಸಿರು ಬಿಟ್ಟು, ಹೊಗೆಯಾಗಿ ಹೋಯಿತು. ಎರಡನೆಯದನ್ನು ಸರಿಯಾಗಿ ಬೆಸೆದ. ಆದರೂ ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಕಾಟಾದ ಬಾಯಿಯ ತಂತಿಯನ್ನು ಚಿಪ್ಪಿನ ಬಾಯಿಗೂ, ಕಿವಿಯ ತಂತಿಯನ್ನು ಕಿವಿಗೂ ಜೋಡಿಸಿದ್ದ.

"ಎರಡೂ ಕಡೆ ಬಾಯಿನ, ಕೇಳೋ ಕಿವಿ ಒಂದೂ ಇಲ್ಲ," ಎಂದು ಅವನು ತನ್ನಷ್ಟಕ್ಕೆ ಗೊಣಗಿದ.

"ನಮ್ಮ ಮನಿ ವಿಷಯ ಇರ್ಲಿ, ಕಾಟಾದ್ದು ಏನಾತು ಹೇಳ್ರಿ," ಎಂದಳು ಮಾನಮ್ಮ.

ತಂತಿ ಅದಲುಬದಲು ಮಾಡಿದ ಕೂಡಲೇ ಪರದೆ ತುಂಬ ಮಳೆ ಬಿದ್ದ ಹಾಗೆ ಚುಕ್ಕೆ, ಚೌಕ, ಪ್ರಶ್ನೆಯ ಚಿಹ್ನೆ. ಕಾಟಾ ಒಂದು ವೇಗದಲ್ಲಿ ಹೇಳುತ್ತಿತ್ತು, ಲ್ಯಾಪ್‌ಟಾಪ್ ಇನ್ನೊಂದು ವೇಗದಲ್ಲಿ ಕೇಳುತ್ತಿತ್ತು. ವೇಗ ಬದಲಿಸುತ್ತ ಬದಲಿಸುತ್ತ ಹೋದ. ಒಮ್ಮೆಲೇ ಅಂಕಿ ಬಂತು. ಕಾಟಾದ ಮೇಲೆ ಅವನೇ ನಿಂತಿದ್ದ. 77!

ರಾಮಲಿಂಗಪ್ಪನ ತೂಕ ಎಪ್ಪತ್ತೇಳು ಎಂದು ಡಾಕ್ಟರು ಹಿಂದಿನ ತಿಂಗಳಷ್ಟೇ ಹೇಳಿದ್ದರು. ಅವನು ಕಾಟಾದ ಮೇಲೆಯೇ ಒಂದು ಕುಣಿತ ಕುಣಿದ. ಆಮೇಲೆ ಮಾನಮ್ಮನನ್ನು ಅಡುಗೆಮನೆಯಿಂದ ಎಳೆದು ತಂದು ನಿಲ್ಲಿಸಿದ. 66. ಅದೂ ಸರಿ!

"ಇನ್ನೊಬ್ಬರನ್ನ ನಿಲ್ಲಿಸಿ ನೋಡ್ರಲ್ಲ," ಎಂದಳು ಅವಳು.

"ಗಂಡ ಹೆಂಡ್ತಿ ಇಬ್ಬರದೂ ಒಮ್ಮೆಗೇ ಸರಿ ಬಂತು. ಇನ್ನೇನು ಬೇಕು?" ಎಂದು ರಾಮಲಿಂಗಪ್ಪ ಚಿಪ್ಪು ತಂತಿಗಳನ್ನೆಲ್ಲ ಒಂದು ತಗಡಿನ ಡಬ್ಬಿಯೊಳಗೆ ಕೂಡಿಸಿ ಮುಚ್ಚಳ ಒತ್ತಿದ. ಅದು ಮಾನಮ್ಮನ ಹಿಂಗಿನ ಡಬ್ಬಿ ಎಂಬುದು ಅವಳಿಗೆ ಮರುದಿನ ಸಾರಿಗೆ ಒಗ್ಗರಣೆ ಹಾಕುವಾಗ ತಿಳಿಯಿತು. ಆ ಮಾತು ಇಲ್ಲಿ ಬೇಡ.

ಭಾನುವಾರ ಬಳಗದ ಹಾಲು ಜನರಿಂದ ತುಂಬಿತು. ಪ್ರೊಜೆಕ್ಟರು ಗೋಡೆಯ ಮೇಲೆ ಆಳೆತ್ತರದ ಅಂಕಿ ಬರೆಯುತ್ತಿತ್ತು. ಕನ್ವರ್ಟರು ಬಿಸಿಯಾದಂತೆ ಹಾಲಿನ ತುಂಬ ಹಿಂಗಿನ ಘಮ ಹರಡಿ, ತೂಕ ಇಳಿಸಲು ಬಂದವರಿಗೆಲ್ಲ ಹಸಿವಾಗತೊಡಗಿತು.

"ಕಾಕಾ, ಟೆಸ್ಟ್ ಮಾಡೀರಿ ಅಲ್ಲ?" ಎಂದು ಶೀತಲ್ ಪಿಸುಗುಟ್ಟಿದಳು.

"ಎರಡು ಸರ್ತಿ ಮಾಡೀನಿ. ಎರಡೂ ಪಾಸ್."

ಮೊದಲು ಬ್ಯಾಂಕಿನ ಗುಮಾಸ್ತರೊಬ್ಬರು ನಿಂತರು. 57 ಬಂತು. ಅವರು ಸುತ್ತ ನೋಡಿ, ಯಾರೂ ಏನೂ ಅನ್ನದ್ದನ್ನು ಕಂಡು, ಸದ್ದಿಲ್ಲದೆ ಇಳಿದು ಹೋದರು. ಆಮೇಲೆ ಬಂದವರು ಹರಿಣಾಕ್ಷಿ. ಪಿಂಪ್ರಿ ಸ್ಟೇಷನ್ನಿನ ಹತ್ತಿರ ಕರಾವಳಿ ತಿಂಡಿಯ ಹೋಟೆಲು ನಡೆಸುವ ತನಿಯಪ್ಪನ ಹೆಂಡತಿ. ಗೋಡೆಯ ಮೇಲೆ 86 ಎಂದು ಬಂತು.

"ನಾನು ಎಂಬತ್ತಾರಾ?" ಹರಿಣಾಕ್ಷಿಯ ದನಿ ಮೇಲೇರಿತು. "ಎಂತ ಹೇಳ್ತೀರಿ ನೀವು? ಮನೆಯಲ್ಲಿ ಅರವತ್ತೆಂಟು ಉಂಟು!"

"ಮನಿ ಕಾಟಾದ ಸ್ಪ್ರಿಂಗ್ ಸಡ್ಲ ಆಗಿರ್ತದರಿ ಅಕ್ಕಾರ," ಎಂದ ರಾಮಲಿಂಗಪ್ಪ, ರೋಗಿಗೆ ಕೆಟ್ಟ ಸುದ್ದಿ ಹೇಳುವ ಡಾಕ್ಟರನಂತೆ. "ಇದು ಡಿಜಿಟಲ್."

ಅವರ ಹಿಂದೆಯೇ ತನಿಯಪ್ಪ ಹತ್ತಿದರು. ಕಾಟಾ ಒಮ್ಮೆ ಕಿರ್ರೆಂದಿತು. ಗೋಡೆಯ ಮೇಲೆ 69. ಹಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ತನಿಯಪ್ಪ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಆ ಅಂಕಿಯನ್ನು ದೇವರ ಪಟ ನೋಡುವಂತೆ ನೋಡಿದರು.

"ಮಾರಾಯ್ರೇ, ಮದುವೆಯಾಗುವಾಗ ನಾನು ಇಷ್ಟೇ ಇದ್ದದ್ದು! ಎಂಥ ಮಿಷನ್ ಮಾಡಿದ್ದೀರಿ ನೀವು!"

ಕಡಿಮೆ ಬಂದವರು ಯಂತ್ರವನ್ನು ಹೊಗಳಿದರು. ಹೆಚ್ಚು ಬಂದವರು ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಎಪ್ಪತ್ತೊಂದು ಕಿಲೋ ತೂಗುವ ಒಬ್ಬನೇ ಒಬ್ಬ ಆಸಾಮಿ ಅವತ್ತು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ. ಮಾನಮ್ಮನದು ಮತ್ತೆ 66 ಬಂದು ರಾಮಲಿಂಗಪ್ಪನ ಎದೆ ಇನ್ನಷ್ಟು ಉಬ್ಬಿತು.

ಆ ತಿಂಗಳು ಒಬ್ಬೊಬ್ಬರದು ಒಂದೊಂದು ದಾರಿ. ಹರಿಣಾಕ್ಷಿ ಹೋಟೆಲಿನ ತಿಂಡಿ ಮುಟ್ಟುವುದು ಬಿಟ್ಟು, ಹುರುಳಿ ಗಂಜಿ ಕುಡಿದು, ದಿನಾ ಬೆಳಿಗ್ಗೆ ಪವನಾ ನದಿಯ ದಂಡೆಯಲ್ಲಿ ಬಿರಬಿರನೆ ನಡೆದರು. ಮಾನಮ್ಮ ಚಹಾದ ಸಕ್ಕರೆ ಬಿಟ್ಟಳು. ಬೇರೆ ಬೇರೆ ಚಹಾ ಯಾರು ಮಾಡುತ್ತಾರೆಂದು ರಾಮಲಿಂಗಪ್ಪನದನ್ನೂ ಬಿಡಿಸಿದಳು. ತನಿಯಪ್ಪ ಮಾತ್ರ ಗಲ್ಲಾದ ಮೇಲೆ ಗೋಳಿಬಜೆಯ ತಟ್ಟೆ ಇಟ್ಟುಕೊಂಡು, "ನನಗೇನು, ಅರವತ್ತೊಂಬತ್ತು," ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದರು. ಅಂಗಿಯ ಗುಂಡಿ ಹಾರಿದಾಗ ಇಸ್ತ್ರಿಯವನನ್ನು ಬೈದರು.

ಎರಡನೆಯ ತೂಕದ ದಿನ ಮೊದಲು ಹತ್ತಿದವಳು ಮಾನಮ್ಮ. ಗೋಡೆಯ ಮೇಲೆ 56 ಮೂಡಿತು.

ಹತ್ತು ಕಿಲೋ! ಜನ ಚಪ್ಪಾಳೆ ತಟ್ಟಿದರು. ರಾಮಲಿಂಗಪ್ಪನ ಕೈ ಮಾತ್ರ ಮೇಲೇಳಲಿಲ್ಲ. ಒಂದೇ ಮನೆಯಲ್ಲಿ ಇರುವವನು ಅವನು. ಹೆಂಡತಿಯ ಮೈಯಿಂದ ಹತ್ತು ಕಿಲೋ ಹೋಗಿದ್ದರೆ ಅವನಿಗೆ ಕಾಣದಿರುತ್ತದೆಯೇ? ಮೊನ್ನೆ ತಾನೆ ಬ್ಲೌಸು ಬಿಗಿ ಎಂದು ಅವಳು ದರ್ಜಿಯನ್ನು ಶಪಿಸಿದ್ದಳು. ಏನೋ ತಪ್ಪಿದೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಾನಮ್ಮ ಕಾಟಾದ ಮೇಲಿಂದ ಅವನ ಕಡೆ ನೋಡಿ ನಕ್ಕಳು. ಅಂಥ ನಗು ಅವನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಈ ನಗುವಿನ ಎದುರು "ನೀ ಇಳಿದಿಲ್ಲ" ಎನ್ನುವ ಗಂಡಸು ಪುಣೆಯಲ್ಲಂತೂ ಇರಲಾರ. ಸಕ್ಕರೆಯಲ್ಲಿ ಅಷ್ಟು ತೂಕ ಇದ್ದರೂ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು ಅವನೂ ಚಪ್ಪಾಳೆ ತಟ್ಟಿದ.

ಆಮೇಲೆ ಹರಿಣಾಕ್ಷಿ. 66. ಎಂಬತ್ತಾರರಿಂದ ಅರವತ್ತಾರು! ಹೆಂಗಸರು ಮುತ್ತಿಕೊಂಡು, ಹುರುಳಿಯನ್ನು ಎಷ್ಟು ಹೊತ್ತು ನೆನೆಸಬೇಕು, ಯಾವ ಅಂಗಡಿಯದು ಎಂದು ಕೇಳತೊಡಗಿದರು. ಆ ಗಲಾಟೆಯ ನಡುವೆ ತನಿಯಪ್ಪ ಹತ್ತಿದರು.

89.

"ಎಂತದಿದು?" ಎಂದರು ತನಿಯಪ್ಪ. ಇಳಿದರು, ಚಪ್ಪಲಿ ಬಿಚ್ಚಿದರು, ಜೇಬಿನ ಬೀಗದ ಗೊಂಚಲು ತೆಗೆದಿಟ್ಟರು, ಮತ್ತೆ ಹತ್ತಿದರು. 89. "ಒಂದು ತಿಂಗಳಲ್ಲಿ ಇಪ್ಪತ್ತು ಕಿಲೋ! ನಾನು ಮನುಷ್ಯನಾ, ಬೂದುಕುಂಬಳವಾ?"

"ಹೆಂಡ್ತಿದು ಇಪ್ಪತ್ತು ಇಳೀತು, ಗಂಡಂದು ಇಪ್ಪತ್ತು ಏರ್ತು," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. "ಮನಿ ಮಾಲು ಮನ್ಯಾಗ ಉಳೀತು ಬಿಡ್ರಿ."

ಹಾಲು ನಗೆಯಲ್ಲಿ ಮುಳುಗಿತು. ತನಿಯಪ್ಪ ನಗಲಿಲ್ಲ. ಫೋನು ತೆಗೆದು ಹೋಟೆಲಿಗೆ ಕರೆ ಮಾಡಿ, ಎರಡು ಮೂಟೆ ಅಕ್ಕಿ ಟೆಂಪೋದಲ್ಲಿ ಕಳಿಸಲು ಹೇಳಿದರು. ಟೆಂಪೋ ಬರುವವರೆಗೆ ಕಾಟಾದ ಪಕ್ಕದಿಂದ ಕದಲಲಿಲ್ಲ. ಮೂಟೆಯ ಮೇಲೆ ಇಪ್ಪತ್ತೈದು ಕಿಲೋ ಎಂದು ದಪ್ಪಗೆ ಅಚ್ಚಾಗಿತ್ತು. ಅವರೇ ಎತ್ತಿ ಕಾಟಾದ ಮೇಲೆ ಹಾಕಿದರು.

ಗೋಡೆಯ ಮೇಲೆ 52.

"ನೋಡಿ! ನೋಡಿ ಸ್ವಾಮಿ! ನನ್ನ ಅಕ್ಕಿಗೂ ಬೊಜ್ಜು ಬಂದಿದೆ!"

ಶೀತಲ್ ಕಣ್ಣು ಕಿರಿದು ಮಾಡಿದಳು. ಅವಳ ವೃತ್ತಿ ಜಾಗೃತವಾಗಿತ್ತು. "ತನಿಯಪ್ಪನವರೇ, ಎರಡನೇದೂ ಹಾಕ್ರಿ ಅದರ ಮ್ಯಾಲೆ."

ಎರಡನೆಯ ಮೂಟೆಯೂ ಬಿತ್ತು. ಗೋಡೆಯ ಮೇಲೆ 05 ಎಂದು ಬಂತು.

ರಾಮಲಿಂಗಪ್ಪ ಆ ಅಂಕಿಯನ್ನೇ ನೋಡಿದ. ಐವತ್ತು ಕಿಲೋ ಅಕ್ಕಿ, ಸೊನ್ನೆ ಐದು. ಇಪ್ಪತ್ತೈದಕ್ಕೆ ಐವತ್ತೆರಡು. ತಾನು ಎಪ್ಪತ್ತೇಳು, ಮಾನಮ್ಮ ಅರವತ್ತಾರು. ಹಿಂದಿನಿಂದ ಓದಿದರೂ ಎಪ್ಪತ್ತೇಳೇ, ಅರವತ್ತಾರೇ! ಈ ಭೂಮಿಯ ಮೇಲಿನ ಇಷ್ಟೆಲ್ಲ ಗಂಡಹೆಂಡಿರಲ್ಲಿ ಇಂಥ ಜೋಡಿಯೇ ಟೆಸ್ಟಿಗೆ ಸಿಗಬೇಕೇ?

ತಪ್ಪನ್ನು ಲ್ಯಾಪ್‌ಟಾಪಿನ ಮೇಲೆ ಹಾಕಿಬಿಡಬಹುದಿತ್ತು, ಅದು ಶೀತಲ್‌ಳದು. ಕರೆಂಟಿನ ಮೇಲೆ ಹಾಕಬಹುದಿತ್ತು, ಅದು ಯಾರದೂ ಅಲ್ಲ. ಒಂದು ಕ್ಷಣ ಎರಡನ್ನೂ ಯೋಚಿಸಿ, ಆಮೇಲೆ ಎದ್ದು ಮುಂದೆ ಬಂದು ಮೈಕು ಹಿಡಿದ.

"ತಪ್ಪು ನಂದರಿ. ಕಾಟಾದ್ದೂ ಅಲ್ಲ, ತನಿಯಪ್ಪನವರದೂ ಅಲ್ಲ. ಇದು ಸಾಸವಡದ ಕಾಟಾ ನೋಡ್ರಿ, ಇದರದು ಮರಾಠಿ ಲೆಕ್ಕ. ಮರಾಠ್ಯಾಗ ಹೆಂಗಂತಾರ? ಪಂಚ-ವೀಸ್. ಐದು ಮೊದಲ, ಇಪ್ಪತ್ತು ಆಮ್ಯಾಲೆ. ಇದೂ ಹಂಗ ಬಿಡಿ ಅಂಕಿ ಮೊದಲ ಕಳಸ್ತದ, ಹತ್ತರದು ಆಮ್ಯಾಲೆ. ನಾ ಕನ್ನಡದ ಮನಶ್ಯಾ, ಮೊದಲ ಬಂದಿದ್ದ ಹತ್ತರದು ಅಂತ ಬಂದಂಗ ಓದಿಬಿಟ್ಟೆ."

"ಅಂದರೆ?" ಎಂದರು ತನಿಯಪ್ಪ.

"ಅಂದ್ರ ಎಲ್ಲಾರದೂ ಉಲ್ಟಾ ಓದ್ಕೋರಿ."

ಗುಜುಗುಜು ಎದ್ದಿತು. ಎಲ್ಲರೂ ಬೆರಳಿನಿಂದ ಗಾಳಿಯಲ್ಲಿ ಅಂಕಿ ತಿರುವಿ ಬರೆಯತೊಡಗಿದರು. ಬ್ಯಾಂಕಿನ ಗುಮಾಸ್ತರು ಯಾರಿಗೂ ಕಾಣದಂತೆ ಬಾಗಿಲ ಕಡೆ ಸರಿದರು. ರಾಮಲಿಂಗಪ್ಪ ಅಂಕಿ ಓದಲು ಬರೆದಿದ್ದ ಪ್ರೋಗ್ರಾಮಿನಲ್ಲಿ ಶೀತಲ್ ಒಂದೇ ಸಾಲು ಬದಲಿಸಿದಳು. ಎಲ್ಲರನ್ನೂ ಮತ್ತೆ ನಿಲ್ಲಿಸಿದರು. ತನಿಯಪ್ಪನ ತಲೆಯ ಮೇಲೆ ಗೋಡೆ 98 ಎಂದು ಬೆಳಗಿತು.

"ಅಂದರೆ ಮೊದಲು ತೊಂಬತ್ತಾರು, ಈಗ ತೊಂಬತ್ತೆಂಟು," ತನಿಯಪ್ಪ ಲೆಕ್ಕ ಹಾಕಿದರು. ಮುಖ ಅರಳಿತು. "ಏರಿದ್ದು ಎರಡೇ ಕಿಲೋ! ಅಬ್ಬ, ಬದುಕಿದೆ ಮಾರಾಯ್ರೇ!" ಎಂದು ರಾಮಲಿಂಗಪ್ಪನನ್ನು ತಬ್ಬಿಕೊಂಡರು. ತೊಂಬತ್ತೆಂಟು ಕಿಲೋದ ಅಪ್ಪುಗೆಯೆಂದರೆ ಏನೆಂದು ಅವನಿಗೆ ಆಗ ತಿಳಿಯಿತು.

ಹರಿಣಾಕ್ಷಿ ಇಳಿದದ್ದೂ ಎರಡೇ ಕಿಲೋ ಎಂದಾಯಿತು. ಆದರೂ ಅವರಿಗಿಂತ ಹೆಚ್ಚು ಇಳಿದವರು ಯಾರೂ ಇರಲಿಲ್ಲ. ಬಹುಮಾನಕ್ಕಿಂತ ಅವರಿಗೆ ಇನ್ನೊಂದು ಸಂತೋಷ ದೊಡ್ಡದಾಗಿತ್ತು. "ನಾನು ಎಂಬತ್ತಾರು ಯಾವತ್ತೂ ಇರಲೇ ಇಲ್ಲ! ಕೇಳಿದ್ರಾ ಎಲ್ಲರೂ? ಯಾವತ್ತೂ ಇರಲಿಲ್ಲ!"

ಬಹುಮಾನವೆಂದರೆ, ಪ್ರಾಯೋಜಕರಾದ ತನಿಯಪ್ಪನವರ ಹೋಟೆಲಿನಲ್ಲಿ ಇಬ್ಬರಿಗೆ ಹೊಟ್ಟೆ ತುಂಬ ಊಟ.

"ನನ್ನ ಹೋಟೆಲಲ್ಲಿ ನಾನೇ ಉಂಡು ಬರುವುದಾ?" ಹರಿಣಾಕ್ಷಿ ಲಕೋಟೆಯನ್ನು ಮಾನಮ್ಮನ ಕೈಗೆ ತುರುಕಿದರು. "ನೀವಿಬ್ಬರು ಹೋಗಿ ಬನ್ನಿ. ನಿಮ್ಮ ಯಜಮಾನರು ಹೆದರಿ ಬಾಡಿ ಹೋಗಿದ್ದಾರೆ."

ಮಾನಮ್ಮ ಲಕೋಟೆ ತೆಗೆದುಕೊಂಡಳು. ಅವಳ ಐವತ್ತಾರು ಅರವತ್ತೈದಾಗಿತ್ತು. ಮನೆಗೆ ಹೊರಟ ರಿಕ್ಷಾದಲ್ಲಿ ಹೊರಗೇ ನೋಡುತ್ತ ಕುಳಿತಳು. ರಾಮಲಿಂಗಪ್ಪ ಎರಡು ಸಲ ಕೆಮ್ಮಿದ. ಕೊನೆಗೆ, "ಒಂದು ಕಿಲೋನೂ ಕಡಿಮಿ ಅಲ್ಲ," ಎಂದ.

"ನಿಮಗ ಮೊದಲ ಗೊತ್ತಿತ್ತಿಲ್ಲೋ?" ಎಂದಳು ಅವಳು ತಿರುಗದೆ. "ಐವತ್ತಾರು ಬಂದಾಗ ನಿಮ್ಮ ಮಾರಿ ನೋಡಿದೆ ನಾ. ತಡೆದು ಚಪ್ಪಾಳೆ ತಟ್ಟಿದ್ರಿ."

"ಗೊತ್ತಿತ್ತು ಅಂದ್ರ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ರಾಮಲಿಂಗಪ್ಪ ಅವಳ ಕಡೆ ತಿರುಗಿದ. "ನೀ ನಗಾಕತ್ತಿದ್ದಿ," ಎಂದ.

ಮಾನಮ್ಮ ಆಗಲೂ ತಿರುಗಲಿಲ್ಲ. ಆದರೆ ರಿಕ್ಷಾದವನ ಬೆನ್ನು ತಟ್ಟಿ, "ದಾದಾ, ಗಾಡಿ ವಳವಾ, ಪಿಂಪ್ರೀಲಾ ಚಲಾ," ಎಂದು ಗಾಡಿಯನ್ನು ಪಿಂಪ್ರಿಯ ಹೋಟೆಲಿನ ಕಡೆ ತಿರುಗಿಸಿದಳು.

ಹೋಟೆಲಿನಲ್ಲಿ ಮೂಲೆಯ ಟೇಬಲ್ಲು ಸಿಕ್ಕಿತು. ಅವಳು ಎರಡು ಬನ್ಸು, ಒಂದು ತಟ್ಟೆ ಗೋಳಿಬಜೆ, ಆಮೇಲೆ ನೀರುದೋಸೆ, ಜೊತೆಗೆ ಸಕ್ಕರೆ ಹೆಚ್ಚು ಹಾಕಿದ ಚಹಾ ಹೇಳಿದಳು. ಗಂಡ ಕಣ್ಣರಳಿಸಿ ನೋಡುತ್ತಿದ್ದದ್ದು ಕಂಡು, "ಹಂಗ್ಯಾಕ ನೋಡ್ತೀರಿ? ಕೊಟ್ಟು ಕಸಗೊಂಡ್ರಲ್ಲ ಒಂಬತ್ತು ಕಿಲೋ, ಅದನ್ನ ಇಲ್ಲೇ ತುಂಬ್ಕೋತೀನಿ," ಎಂದಳು.

ರಾಮಲಿಂಗಪ್ಪ ತನ್ನ ಬನ್ಸನ್ನೂ ಅವಳ ತಟ್ಟೆಗೆ ಸರಿಸಿದ.