ದುಂಡಸಿ ದೊರೆ ಇಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಾಗಿದೆ

ಇದು ನಡೆದದ್ದೇ. ಆಣೆ ಮಾಡಿ ಹೇಳುತ್ತೇನೆ. ಯಾವುದರ ಮೇಲೆ ಆಣೆ ಇಡಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಯಾಕೆಂದರೆ ನಾನು ಹಿಂದೆ ಆಣೆ ಇಟ್ಟ ಸಾಮಾನುಗಳಲ್ಲಿ ಬಹಳಷ್ಟು ಈಗ ಕೆಲಸಕ್ಕೆ ಬರುವ ಸ್ಥಿತಿಯಲ್ಲಿಲ್ಲ. ನೀವು ಸದ್ಯಕ್ಕೆ ನಂಬಿ ಕುಳಿತುಕೊಳ್ಳಿ.

ಈಗ ಶುರು ಹೇಗೆ ಮಾಡುವುದು?

ಮೊದಲು ಹೀಗೆ ಬರೆದಿದ್ದೆ: ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಮೇಲೆ ಸೂರ್ಯ ಮೆಲ್ಲನೆ ಏರುತ್ತಿದ್ದ. ಹೊಡೆದುಹಾಕಿದೆ. ಸೂರ್ಯನಿಗೆ ಈ ಕಥೆಯಲ್ಲಿ ಏನೂ ಕೆಲಸವಿಲ್ಲ, ಸುಮ್ಮನೆ ಬಂದು ನಿಲ್ಲುತ್ತಾನೆ. ಆಮೇಲೆ ಬರೆದೆ: ಒಂದೂರಿನಲ್ಲಿ ಒಂದು ಹೋರಿ ಇತ್ತು. ಇದನ್ನಂತೂ ಪೆನ್ನು ಒತ್ತಿ ಹೊಡೆದುಹಾಕಿದೆ. ತಕರಾರು ಇರುವುದೇ ಅಲ್ಲಿ. ಹೋರಿ ಇತ್ತೋ ಇಲ್ಲವೋ ಎಂಬುದರ ಮೇಲೆ ಒಬ್ಬ ಹುಡುಗಿಯ ಡಿಗ್ರಿ ನಿಂತಿದೆ.

ಸರಿ, ಹುಡುಗಿಯಿಂದಲೇ ಶುರು ಮಾಡೋಣ.

೧

ಹೆಸರು ನೀಲಾಂಬಿಕಾ. ಶಿಗ್ಗಾವಿ ತಾಲೂಕಿನ ದುಂಡಸಿಯವಳು. ಹುಬ್ಬಳ್ಳಿಯ ಒಂದು ಡಿಸೈನ್ ಕಾಲೇಜಿನಲ್ಲಿ ಆ್ಯನಿಮೇಷನ್ ಕಲಿಯುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡ ವಿಷಯ, ನೋಡಿದವರು ನಂಬುವಂಥ ಪಾತ್ರವನ್ನು ಕಟ್ಟುವುದು ಹೇಗೆ ಎಂಬುದು. (ನನ್ನನ್ನು ಕೇಳಿದ್ದರೆ ಪುಕ್ಕಟೆ ಹೇಳಿಕೊಡುತ್ತಿದ್ದೆ. ಕಾಲೇಜಿನವರು ಕೇಳಲಿಲ್ಲ.)

ಪಾತ್ರ ಒಂದು ಹೋರಿ. ದೀಪಾವಳಿ ಕಳೆದ ಮೇಲೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಊರೂರಿನ ಅಖಾಡದಲ್ಲಿ ಕೊಬ್ಬರಿ ಹಾರ ಕಟ್ಟಿಸಿಕೊಂಡು, ಮೈತುಂಬ ಬಲೂನು ಹೊತ್ತು, ಹಾರ ಹರಿಯಲು ಬಂದವರನ್ನು ಸೀಳಿಕೊಂಡು ಓಡುತ್ತದಲ್ಲ, ಅಂಥ ಹೋರಿ. ನೀಲಾಂಬಿಕಾ ಅದನ್ನು ಒಂದೊಂದೇ ಹಾಳೆಯಂತೆ ಕೈಯಲ್ಲಿ ಬಿಡಿಸಿ ಓಡಿಸಿದಳು. ಅವಳ ಗೈಡು ಹೇಮಾ ಮೇಡಂ ನೋಡಿದರು. ಕೊಂಬು ಚೆನ್ನಾಗಿದೆ, ಹಾರ ಚೆನ್ನಾಗಿದೆ ಎಂದರು. ಆದರೆ ಇದು ಕಾಲಿಟ್ಟದ್ದು ನೆಲಕ್ಕೆ ಗೊತ್ತಾಗುತ್ತಿಲ್ಲ, ಮೈಮೇಲಿನ ಬಲೂನು ಯಾವುದು ಹೋರಿ ಯಾವುದು ತಿಳಿಯುತ್ತಿಲ್ಲ, ಇದನ್ನು ಯಾರೂ ನಂಬುವುದಿಲ್ಲ ಎಂದೂ ಹೇಳಿದರು.

ನೀಲಾಂಬಿಕಾ ಪುಸ್ತಕ ಓದಿದಳು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದಳು. ಕಂಡವರ ಹಿತ್ತಿಲಲ್ಲಿ ಕಂಡವರ ಹೋರಿಯ ಮುಂದೆ ಕುಳಿತು ಬರೀ ಕಾಲು ಬಿಡಿಸಿದಳು. ಹೋರಿ ಬಲೂನಾಗಿಯೇ ಉಳಿಯಿತು.

(ಇಲ್ಲಿ ಆ್ಯನಿಮೇಷನ್ನಿನ ಸಿದ್ಧಾಂತದ ಬಗ್ಗೆ ಒಂದು ಪುಟ ಬರೆದಿದ್ದೆ. ನನಗೇ ಅರ್ಥವಾಗಲಿಲ್ಲ, ತೆಗೆದೆ. ನಿಮಗೆ ಲಾಭವೇ ಆಯಿತು.)

೨

ಅವಳ ಅಪ್ಪ ಗುತ್ತೆಪ್ಪ ದರ್ಜಿ. ಶಿಗ್ಗಾವಿಯಲ್ಲಿ ಸಣ್ಣ ಅಂಗಡಿ. ಹೋರಿಯ ಬೆನ್ನಿಗೆ ಹೊದಿಸುವ ಕನ್ನಡಿ ಕೂರಿಸಿದ ಬಟ್ಟೆ ಇರುತ್ತದಲ್ಲ, ಜೂಲ, ಅದನ್ನು ಹೊಲಿಯುವುದರಲ್ಲಿ ಅವನ ಹೆಸರು ದೊಡ್ಡದು. ಸುತ್ತಲಿನ ತಾಲೂಕುಗಳಲ್ಲಿ ಅವನ ಜೂಲ ತೊಡದ ಹೋರಿಗೆ ಮದುವೆ ಆಗುವುದಿಲ್ಲ. (ಇದು ಸುಳ್ಳು. ಹೋರಿಗಳಿಗೆ ಮದುವೆ ಇಲ್ಲ. ಉಳಿದದ್ದೆಲ್ಲ ಖರೆ.) ಆದರೆ ಸ್ವಂತ ಹೋರಿ ಅವನ ಬಾಳಿನಲ್ಲಿ ಒಂದೂ ಇರಲಿಲ್ಲ. ಹೋರಿ ಸಾಕುವುದೆಂದರೆ ಮನೆಯಲ್ಲಿ ವರ್ಷವಿಡೀ ಅಳಿಯನನ್ನು ಇಟ್ಟುಕೊಂಡಂತೆ. ಹಾಲು, ಮೊಟ್ಟೆ, ಹುರುಳಿ, ಅದರ ಮೇಲೆ ಅದರ ಸಿಟ್ಟು. ಸ್ಪರ್ಧೆಯ ದಿನ ಗುತ್ತೆಪ್ಪ ಕಟ್ಟೆಯ ಮೇಲೆ ಹಿಂದೆ ನಿಂತು ತನ್ನ ಬಟ್ಟೆ ಓಡುವುದನ್ನು ನೋಡುತ್ತಿದ್ದ. ಜನ ಹೋರಿಗೆ ಶಿಳ್ಳೆ ಹಾಕುತ್ತಿದ್ದರು, ಮಾಲೀಕನಿಗೆ ಹಾರ ಹಾಕುತ್ತಿದ್ದರು. ಬಟ್ಟೆಗೆ ಯಾರು ಶಿಳ್ಳೆ ಹಾಕುತ್ತಾರೆ?

ತನ್ನ ಹೋರಿಗೊಂದು ಜೂಲದ ನಮೂನೆ ತೋರಿಸು ಎಂದು ನೀಲಾಂಬಿಕಾ ಕೇಳಿದಾಗ ಅವನು ಕೊರಳಿಗೆ ಟೇಪು ಹಾಕಿಕೊಂಡ.

"ಅಳತಿ ಹೇಳು."

"ಯಾತರದಪ್ಪಾ?"

"ಹೋರಿದು. ಬೆನ್ನ ಎಷ್ಟು, ಎದಿ ಸುತ್ತಳತಿ ಎಷ್ಟು. ಅಳತಿ ಇಲ್ಲದ ನಾ ಕತ್ರಿ ಹಿಡ್ಯಾಂಗಿಲ್ಲ."

"ಅದು ಚಿತ್ರದಾಗಿನ ಹೋರಿ."

"ಚಿತ್ರದಾಗಿಂದಾದ್ರ ಏನಾತು? ಬೆನ್ನ ಇಲ್ಲೇನು ಅದಕ್ಕ?"

ನೀಲಾಂಬಿಕಾ ತನ್ನ ಹಾಳೆಗಳನ್ನು ಮತ್ತೆ ತಿರುವಿದಳು. ರಾಶಿ ಹಾಳೆ ಬಿಡಿಸಿದ್ದಳು, ಬೆನ್ನು ಎಷ್ಟು ಉದ್ದ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ. ಅಪ್ಪ ಮಗಳು ಕುಳಿತರು. ಬೆನ್ನು ಇಷ್ಟು ಎಂದಾಯಿತು. ಹಾಗಾದರೆ ಇಣಿ, ಹೆಗಲ ಮೇಲಿನ ಡುಬ್ಬ, ಇಷ್ಟು ಎತ್ತರ. ಇಣಿ ಅಷ್ಟಿದ್ದರೆ ಮುಂಗಾಲಿನ ಮೇಲೆ ಭಾರ ಬೀಳಲೇಬೇಕು. ಗುತ್ತೆಪ್ಪ ಹೆಣ್ಣು ನೋಡಲು ಬಂದ ಬೀಗರ ಹಾಗೆ ಒಂದೊಂದೇ ಕೇಳಿದ: ಏನು ತಿನ್ನುತ್ತದೆ, ಯಾವ ಕಡೆ ಬೆದರುತ್ತದೆ, ಇಣಿ ಮುಟ್ಟಿಸಿಕೊಳ್ಳುತ್ತದೋ ಇಲ್ಲವೋ. ಎಡಗಡೆ ಮುಟ್ಟಿಸಿಕೊಳ್ಳುವುದಿಲ್ಲ, ಮುಟ್ಟಿದರೆ ಚರ್ಮ ನಡುಗಿಸುತ್ತದೆ ಎಂದಳು ನೀಲಾಂಬಿಕಾ. ಎಲ್ಲಿಂದ ಬಂತು ಆ ಮಾತು ಅವಳಿಗೇ ತಿಳಿಯಲಿಲ್ಲ. ಗುತ್ತೆಪ್ಪ ತಲೆ ಆಡಿಸಿ, ಹಾಗಿದ್ದರೆ ಅಲ್ಲಿ ಬಟ್ಟೆ ಸಡಿಲ ಬಿಡಬೇಕು ಎಂದ.

ಅವಳು ಎಲ್ಲವನ್ನೂ ಹೊಸದಾಗಿ ಬಿಡಿಸಿದಳು. ಈ ಸಲ ಗೊರಸು ಬಿದ್ದ ಮೇಲೆ, ಒಂದು ಚೂರು ತಡೆದು, ಧೂಳು ಎದ್ದಿತು. ನೆಲಕ್ಕೆ ಗೊತ್ತಾಗಿತ್ತು.

ಅತ್ತ ಗುತ್ತೆಪ್ಪ ಮಖಮಲ್ಲು ಕತ್ತರಿಸಿದ್ದ. ಇದು ಯಾರ ಆರ್ಡರು ಎಂದು ಅವಳು ಕೇಳಿದರೆ, "ನಮ್ದು" ಎಂದು ಮಷೀನು ತುಳಿದ.

(ಇಲ್ಲಿ ಅವನ ಕಣ್ಣುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗುತ್ತೆಪ್ಪ ಬಂದು ತಕರಾರು ತೆಗೆದ. ನನ್ನ ಕಣ್ಣಿನ ಉಸಾಬರಿ ನಿಮಗ್ಯಾಕ್ರಿ, ಜೂಲದ ಬಗ್ಗೆ ಬರೀರಿ ಎಂದ. ಬರೆಯುತ್ತೇನೆ: ಅಂಥ ಜೂಲವನ್ನು ಅವನು ಯಾರಿಗೂ ಹೊಲಿದುಕೊಟ್ಟಿರಲಿಲ್ಲ.)

೩

ಹೊಸದಾಗಿ ಬಿಡಿಸಿದ ಹೋರಿಯ ವಿಡಿಯೋ ಚೆಂದ ಕಂಡಿತೆಂದು ನೀಲಾಂಬಿಕಾಳ ಅವ್ವ ಶಾರವ್ವ ಅದನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದಳು. ಅಷ್ಟೇ ಮಾಡಿದ್ದು.

ಹೋರಿ ಅಭಿಮಾನಿಗಳ ಸ್ಟೇಟಸ್ ನೋಡಿದ್ದೀರಾ? ಬೆಂಕಿ, ಮಿಂಚು, ಚಿತ್ರ ಬಿಡಿಸಿದಂತೆ ಕಾಣಿಸುವ ಫಿಲ್ಟರು, ಎಲ್ಲ ಇರುತ್ತದೆ. ಹಾಗಾಗಿ ಇದು ಚಿತ್ರ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಎಡಿಟಿಂಗ್ ಭಾರಿ ಮಾಡ್ಯಾರ ಎಂದು ಹೊಗಳಿ ಮುಂದಕ್ಕೆ ಕಳಿಸಿದರು. ಹಾನಗಲ್ ಮುಟ್ಟುವುದರೊಳಗೆ ಅದಕ್ಕೆ ಹೆಸರು ಬಂದಿತ್ತು: ದುಂಡಸಿ ದೊರೆ.

ಹಿರೇಕೆರೂರಿನ ಹುಲಗೇಶ ಮೊಣಕಾಲಿನ ಕೆಳಗಿನ ಗಾಯ ತೋರಿಸಿ, ಇದು ದೊರೆ ಗುದ್ದಿದ್ದು ಎಂದ. (ಗುದ್ದಿದ ಬೈಕು ಇನ್ನೂ ಗ್ಯಾರೇಜಿನಲ್ಲಿದೆ.) ಸವಣೂರಿನಲ್ಲಿ ಕರಿದ ಖಾರಾ ಮಾರುವ ಮುನವ್ವರಾ, ಸ್ಪರ್ಧೆ ಮುಗಿಸಿ ಹೋಗುವಾಗ ಅದು ತನ್ನ ಅಂಗಡಿಗೆ ಮುಖ ಹಾಕಿ, ಮೂಸಿ, ಒಂದು ಕಾಳೂ ಮುಟ್ಟದೆ ಹೋಯಿತೆಂದೂ ಅಂಥ ಸಭ್ಯ ಪ್ರಾಣಿಯನ್ನು ಗಿರಾಕಿಗಳಲ್ಲೂ ಕಂಡಿಲ್ಲವೆಂದೂ ಹೇಳಿದಳು. ಹಾನಗಲ್ಲಿನ ಸ್ಪರ್ಧಾ ಕಮಿಟಿಯ ಪರಮೇಶ್ವರಪ್ಪ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ಹೋರಿ ಅವರಿಗಿಂತ ದೊಡ್ಡದು. ಅವರು ಹಾಗೆ ಯಾರಿಗೂ ಬಿಟ್ಟುಕೊಡುವವರಲ್ಲ. ಕೆಳಗೆ ಬರೆದಿತ್ತು: ಮಾಲೀಕರು ಗುತ್ತೆಪ್ಪ, ದುಂಡಸಿ.

ಗುತ್ತೆಪ್ಪನನ್ನು ಚಹಾದಂಗಡಿಯಲ್ಲಿ ಜನ ಎದ್ದು ಕೂರಿಸತೊಡಗಿದರು. ಖರೆ ಹೇಳಿಬಿಡು ಎಂದು ಮಗಳು ಹಿಂದೆ ಬಿದ್ದಳು.

"ಹೋರಿ ಐತೇನು ಅಂತ ಯಾರೂ ಕೇಳಿಲ್ಲಬೇ," ಎಂದ ಅವನು. "ಏನ್ ತಿಂತೈತಿ ಅಂತ ಕೇಳಿದ್ರು. ಅದನ್ನ ಹೇಳೇನಿ."

೪

ಇನ್ನು ಗಂಟು ಬೀಳುತ್ತದೆ. ನೀರು ಕುಡಿಯುವವರು ಕುಡಿದು ಬನ್ನಿ.

ನೀಲಾಂಬಿಕಾ ಹೇಮಾ ಮೇಡಂಗೆ ಹೊಸ ವಿಡಿಯೋ ತೋರಿಸಿದಳು. ಇಣಿಯ ಎಡಗಡೆ ಚರ್ಮ ನಡುಗುವ ಜಾಗವನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ, ಇದನ್ನು ಯಾರೂ ತಲೆಯಿಂದ ಬಿಡಿಸಲಾರರು ಎಂದರು. ನಿಜವಾದ ಹೋರಿಯ ವಿಡಿಯೋ ಇಟ್ಟುಕೊಂಡು ಅದರ ಮೇಲೆ ಗೆರೆ ಎಳೆದಿದ್ದೀಯ, ಇದು ಟ್ರೇಸಿಂಗು, ಇದು ನಡೆಯುವುದಿಲ್ಲ. ನೀಲಾಂಬಿಕಾ ಕಚ್ಚಾ ಹಾಳೆ ತೋರಿಸಿದಳು. ಟ್ರೇಸ್ ಮಾಡಿದರೂ ಹಾಳೆ ಇರುತ್ತದೆ ಎಂದರು. ಹೆಸರು ಹುಬ್ಬಳ್ಳಿಗೂ ಮುಟ್ಟಿತ್ತು, ಮೇಡಂ ಫೋನಿನಲ್ಲಿ ದುಂಡಸಿ ದೊರೆ ಎಂದು ಹುಡುಕಿದರು. ಫ್ಲೆಕ್ಸು ಬಂತು, ಅಭಿಮಾನಿ ಬಳಗ ಬಂತು, ಹುಲಗೇಶನ ಕಾಲು ಬಂತು.

"ನಿಮ್ಮ ಊರಿನವರೇ ಇದೆ ಅಂತಿದ್ದಾರೆ," ಎಂದರು ಮೇಡಂ. "ಇಲ್ಲ ಅನ್ನೋದಾದ್ರೆ ನೀನೇ ತೋರಿಸು. ಇಲ್ಲದಿದ್ರೆ ಈ ವರ್ಷ ಪಾಸು ಮಾಡೋಕೆ ನನ್ನಿಂದ ಆಗಲ್ಲ."

ಇರುವುದನ್ನು ಹಗ್ಗ ಹಾಕಿ ಎಳೆದು ತರಬಹುದು. ಇಲ್ಲದ್ದನ್ನು ಎಲ್ಲಿಂದ ಎಳೆದು ತರುವುದು? ನೀಲಾಂಬಿಕಾ ನನ್ನ ಕಡೆ ನೋಡಿದಳು. ನೀವೇ ತಾನೇ ತಂದು ಸಿಕ್ಕಿಸಿದ್ದು ಎನ್ನುವ ಹಾಗೆ. ನಾನು ಪುಟ ತಿರುಗಿಸಿದೆ.

೫

ಮೇಡಂ ನ್ಯಾಯವಂತರು. ಕಣ್ಣಾರೆ ನೋಡುತ್ತೇನೆಂದು ಒಂದು ಭಾನುವಾರ ದುಂಡಸಿಗೇ ಬಂದರು. ನಮ್ಮ ಹೋರಿಯ ಮೇಲೆ ಎನ್‌ಕ್ವಾಯರಿ ಬಂದಿದೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ನೀಲಾಂಬಿಕಾಳಿಗೆ ಸಹಾಯ ಮಾಡಲು ಎಲ್ಲರೂ ಸೇರಿದರು. ಹುಲಗೇಶ ಪ್ಯಾಂಟು ಮಡಚಿಕೊಂಡೇ ಬಂದ. ಮುನವ್ವರಾ ಮೇಡಂ ಕೈಗೆ ಖಾರಾದ ಪೊಟ್ಟಣ ಕೊಟ್ಟು, ದೊರೆ ಮೂಸಿದ್ದು ಇಂಥದ್ದನ್ನೇ ಎಂದಳು. ಪರಮೇಶ್ವರಪ್ಪ ಫ್ಲೆಕ್ಸನ್ನೇ ಕಿತ್ತು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. ಅವರು ಪ್ರೀತಿ ತೋರಿಸಿದಷ್ಟೂ ಅವಳು ಮುಳುಗುತ್ತ ಹೋದಳು. ಹೋರಿ ಇಲ್ಲ, ನಾನೇ ಬಿಡಿಸಿದ್ದು ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದರೆ, ಮನೆಯಲ್ಲಿ ಹೇಳಿಕೊಟ್ಟ ಪಾಠ ಒಪ್ಪಿಸುವ ಮಗುವನ್ನು ನೋಡುವಂತೆ ನೋಡಿ ನಕ್ಕರು.

ಇಲ್ಲ ಎನ್ನುವ ಅಧಿಕಾರ ಇದ್ದವನು ಒಬ್ಬನೇ. ಅವನು ಬಾಗಿಲ ಹತ್ತಿರ, ಮುಗಿದ ಜೂಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ.

ಇಲ್ಲಿಗೆ ನಾನು ಮೂರು ಮುಕ್ತಾಯ ಬರೆದೆ.

ಒಂದು. ಗುತ್ತೆಪ್ಪ ಹೋರಿ ಇದೆ ಎನ್ನುತ್ತಾನೆ. ಹೆಸರು ಉಳಿಯುತ್ತದೆ, ಮಗಳ ವರ್ಷ ಹೋಗುತ್ತದೆ. ನೀಲಾಂಬಿಕಾ ಓದಿ, "ನಮ್ಮಪ್ಪ ಹಂಗ ಮಾಡೂ ಮನಷಾ ಅಲ್ರಿ, ಹೊಡೀರಿ ಅದನ್ನ" ಎಂದಳು. ಹೊಡೆದೆ.

ಎರಡು. ಅದೇ ಹೊತ್ತಿಗೆ ಓಣಿಯ ತಿರುವಿನಿಂದ ಒಂದು ನಿಜವಾದ ಹೋರಿ ಬರುತ್ತದೆ, ಜೂಲ ಅದಕ್ಕೆ ಹೊಲಿದಂತೆ ಕೂರುತ್ತದೆ. ಇದು ನನಗೆ ಬಹಳ ಹಿಡಿಸಿತ್ತು. ನನ್ನಂಥವನಿಗೂ ನಾಚಿಕೆಯಾಗಿ ಬಿಟ್ಟೆ. (ಬೇಕಾದವರಿಗೆ ಕೊಡುತ್ತೇನೆ, ಬಂದು ಕೇಳಿ.)

ಮೂರನೆಯದು ನಡೆದದ್ದು.

ಗುತ್ತೆಪ್ಪ ಎದ್ದ. ಜೂಲವನ್ನು ಕಟ್ಟೆಯ ಮೇಲೆ ಇಟ್ಟ. ಜನರನ್ನು ನೋಡಲಿಲ್ಲ, ಮಗಳನ್ನು ನೋಡಿದ.

"ಹೋರಿ ಇಲ್ರಿ ಮೇಡಮ್ಮಾರ," ಎಂದ. "ನಾ ಸಾಕಿಲ್ಲ, ಕಟ್ಟಿಲ್ಲ, ಹಗ್ಗ ಹಿಡಿದಿಲ್ಲ. ನನ್ನ ಮಗಳು ಬಿಡಿಸಿದ್ದು. ನಾ ಅದಕ್ಕ ಅರಿಬಿ ಹೊಲಿದೇನಿ, ಅಷ್ಟ."

ದನಿ ಗಟ್ಟಿಯಾಗಿತ್ತು. ಅಪ್ಪ ಏನನ್ನು ಕೆಳಗಿಟ್ಟ ಎಂದು ಅಲ್ಲಿದ್ದವರಲ್ಲಿ ನೀಲಾಂಬಿಕಾ ಒಬ್ಬಳಿಗೇ ಗೊತ್ತಿತ್ತು. ನಾಳೆ ಚಹಾದಂಗಡಿಯಲ್ಲಿ ಯಾರೂ ಎದ್ದು ಕೂರಿಸುವುದಿಲ್ಲ.

ಹಾಗೆಂದು ಅವಳು ತಿಳಿದಿದ್ದಳು. ನಾನೂ ತಿಳಿದಿದ್ದೆ.

ಪರಮೇಶ್ವರಪ್ಪ ಎದೆ ಉಬ್ಬಿಸಿ ಮೇಡಂ ಕಡೆ ತಿರುಗಿದರು.

"ನೋಡ್ರಿ, ಖರೆ ಮಾಲಕ ಅಂದ್ರ ಹಿಂಗಿರ್ಬೇಕು. ಹಬ್ಬದ ಮುಂದ ಹೋರಿ ತೋರಿಸಿ ಯಾರರ ದೃಷ್ಟಿ ಮಾಡಿಸ್ಕೊಂತಾರೇನ್ರಿ?"

ಎಲ್ಲರೂ ಹೌದು ಹೌದೆಂದರು. ಗುತ್ತೆಪ್ಪನ ಮೇಲಿನ ಗೌರವ ಒಂದು ಕೈ ಏರಿತು. ಮೇಡಂ ಜೂಲವನ್ನು ಬಿಡಿಸಿ ನೋಡಿ, ಎಡಗಡೆ ಇಲ್ಲಿ ಯಾಕೆ ಬಟ್ಟೆ ಸಡಿಲ ಬಿಟ್ಟಿದ್ದೀರಿ ಎಂದು ಕೇಳಿದರು.

"ಅಲ್ಲಿ ಮುಟ್ಟಿದ್ರ ಅದಕ್ಕ ಆಗಂಗಿಲ್ರಿ," ಎಂದುಬಿಟ್ಟ ಗುತ್ತೆಪ್ಪ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೇಡಂ ಅವನನ್ನೂ ನೋಡಿದರು, ಹುಡುಗಿಯನ್ನೂ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು: ಈ ತಾಲೂಕುಗಳವರಲ್ಲದ, ನಿಮ್ಮ ಬಳಗದವರಲ್ಲದ ಒಬ್ಬರು, ಈ ಹೋರಿಯನ್ನು ನಾನು ನೋಡಿಲ್ಲ ಎಂದು ಸಹಿ ಮಾಡಿಕೊಡಲಿ. ಒಬ್ಬರು ಸಾಕು, ಒಪ್ಪುತ್ತೇನೆ.

೬

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಮುಗಿದಿಲ್ಲ. ನೀಲಾಂಬಿಕಾ ಒಂದು ಸಹಿಗಾಗಿ ಕಾಯುತ್ತಿದ್ದಾಳೆ. ಅದಕ್ಕೇ ಇಷ್ಟು ಹೊತ್ತು ನಿಮ್ಮನ್ನು ಕೂರಿಸಿಕೊಂಡದ್ದು. ನೀವು ಹೊರಗಿನವರು, ಓದಿದವರು, ನಿಮ್ಮ ಸಹಿಗೆ ತೂಕವಿದೆ.

ಅದಕ್ಕೂ ಮೊದಲು ಒಂದು ಮಾತು. ಆ ಹೋರಿಯ ಬಣ್ಣ ಯಾವುದೆಂದು ನಾನು ಎಲ್ಲಿಯೂ ಹೇಳಿಲ್ಲ. ಬೇಕಿದ್ದರೆ ಹಿಂದೆ ಹೋಗಿ ಹುಡುಕಿ ಬನ್ನಿ. ಸಿಗಲಿಲ್ಲವೇ? ಈಗ ಕಣ್ಣು ಮುಚ್ಚಿ ಹೇಳಿ, ಯಾವ ಬಣ್ಣ?

ಕಂಡಿತಲ್ಲ. ಅದನ್ನು ಯಾರ ಮುಂದೆಯೂ ಬಾಯಿ ಬಿಡಬೇಡಿ. ಸಹಿ ಇಲ್ಲಿ ಹಾಕಿ.