ಅಕ್ಕ ಕಾರು ಕಲಿತದ್ದು

ಮೂವತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿದ ಅವನನ್ನು ಎಲ್ಲರೂ ಗುಡುಗು ಮೇಷ್ಟ್ರು ಅನ್ನುತ್ತಿದ್ದರು. ಕ್ಲಚ್ಚು ತುಸು ಬೇಗ ಬಿಟ್ಟರೂ ಸಾಕು, ಪಕ್ಕದ ರಸ್ತೆಗೆ ಕೇಳುವಂತೆ ಬೈಯುತ್ತಿದ್ದ. ಅವನ ಅಕ್ಕ ತದ್ವಿರುದ್ಧ. ಔಷಧಿ ಅಂಗಡಿಯ ಕೌಂಟರಿನಲ್ಲಿ ಆಯಸ್ಸು ಕಳೆದವಳು. ಯಾರು ಎಷ್ಟೇ ರೇಗಿದರೂ ಚೀಟಿಯಿಂದ ಕಣ್ಣೆತ್ತದೆ ‘ಆಗ್ಲಿ, ಕೂತ್ಕೊಳಿ’ ಅನ್ನುತ್ತಿದ್ದಳು.

ಭಾವ ತೀರಿಕೊಂಡ ಮೇಲೆ, ಅರವತ್ತೇಳನೇ ವಯಸ್ಸಿನಲ್ಲಿ, ಮನೆ ಮುಂದೆ ದೂಳು ತಿನ್ನುತ್ತಿದ್ದ ಗಂಡನ ಕಾರನ್ನು ತಾನೇ ಓಡಿಸುತ್ತೇನೆಂದು ಪಟ್ಟು ಹಿಡಿದಳು. ತಮ್ಮನೇ ಕಲಿಸಬೇಕಾಯಿತು.

ಎರಡನೇ ವಾರ, ರಿವರ್ಸ್ ತೆಗೆಯುವಾಗ, ಲಾಂಡ್ರಿಯ ಕಬ್ಬಿಣದ ಗೇಟಿಗೆ ಗುದ್ದಿದಳು. ಹಿಂದಿನ ದೀಪ ಪುಡಿಪುಡಿಯಾಯಿತು. ಎಂದಿನ ಸಿಟ್ಟು ಎದ್ದು ಬರಲೆಂದು ಅವನು ಕಾದ. ಬರಲಿಲ್ಲ.

“ಪರವಾಗಿಲ್ಲ ಬಿಡಕ್ಕ. ದೀಪ ತಾನೆ.”

ಅಕ್ಕನ ಮುಖ ಕೆಂಪೇರಿತು. “ಬೇರೆಯವರಾಗಿದ್ರೆ ಭೂಮಿ ಆಕಾಶ ಒಂದು ಮಾಡ್ತಿದ್ದೆ ನೀನು. ಮುದುಕಿ, ಇವಳನ್ನ ಬೈದೇನು ಪ್ರಯೋಜನ ಅಂತಾನಾ?”

“ಅಲ್ಲ. ನಿಜವಾಗ್ಲೂ ಸಿಟ್ಟು ಬರ್ಲಿಲ್ಲ. ಈಚೆಗೆ ಯಾರ ಮೇಲೂ ಬರಲ್ಲ.”

“ನಂಗೆ ಬರತ್ತೆ,” ಅಂದಳು ಸ್ಟೀರಿಂಗ್ ಬಿಡದೆ. “ಬೆಳಿಗ್ಗೆ ಪೇಪರಿನವನ ಮೇಲೆ ಕೂಗಾಡಿದೆ. ನಿನ್ನೆ ನಲ್ಲಿ ಸೋರ್ತಿದೆ ಅಂತ ಅತ್ಬಿಟ್ಟೆ. ಇಷ್ಟು ವರ್ಷ ಎಲ್ಲಾ ನುಂಗ್ಕೊಂಡವಳು ನಾನು. ವಯಸ್ಸಾದ್ರೆ ಮನಸ್ಸು ತಣ್ಣಗಾಗತ್ತೆ ಅಂತಾರಲ್ಲ, ನಂಗೇನಾಗಿದೆ?”

ಅವನು ತನ್ನನ್ನೇ ಕೇಳಿಕೊಂಡ. ತನಗಾದರೂ ಏನಾಗಿದೆ? ಕಳೆದ ತಿಂಗಳು ಹೆಂಡತಿಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಾಗಲೂ ಹೀಗೇ ಸುಮ್ಮನೆ ಕೂತಿದ್ದ. ಎಂಥ ಗಟ್ಟಿ ಮನಸ್ಸು ಅಂದಿದ್ದರು ನೆಂಟರು. ಅದು ಗಟ್ಟಿತನವೋ, ಒಳಗೆ ಏನೋ ಖಾಲಿಯಾಗಿದೆಯೋ, ಅವನಿಗೆ ಇವತ್ತಿಗೂ ತಿಳಿದಿಲ್ಲ.

“ಒಂದ್ಸಲ ಬೈಯಿ, ನೋಡೋಣ,” ಅಂದಳು ಅಕ್ಕ.

“ಕಣ್ಣೇನು ಮನೇಲಿಟ್ಟು ಬಂದಿದ್ಯಾ?” ಅಂದ. ಮಗ್ಗಿ ಒಪ್ಪಿಸಿದ ಹಾಗಿತ್ತು. ಅಕ್ಕನಿಗೆ ನಗು ಬಂತು; ನಗುತ್ತ ನಗುತ್ತಲೇ ಅಳು ಬಂತು. ಅವನ ಕಣ್ಣಲ್ಲೂ ನೀರಾಡಿತು, ಯಾಕೆಂದು ತಿಳಿಯಲಿಲ್ಲ. ಜಗಳಕ್ಕೆಂದೇ ಹೊರಬಂದ ಲಾಂಡ್ರಿಯವನು, ಕಾರಿನೊಳಗೆ ಅಳುತ್ತ ಕೂತ ಇಬ್ಬರನ್ನು ನೋಡಿ, ಒಳಗೆ ಹೋಗಿ ಎರಡು ಲೋಟ ನೀರು ತಂದುಕೊಟ್ಟ.

ಮೂರನೇ ಪ್ರಯತ್ನದಲ್ಲಿ ಅಕ್ಕನಿಗೆ ಲೈಸೆನ್ಸ್ ಸಿಕ್ಕಿತು. ಮೊದಲ ದಿನವೇ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಡ್ಡ ಬಂದವರನ್ನೆಲ್ಲ ಬೈಯುತ್ತ, ಊರಾಚೆಯ ಸೇತುವೆ ದಾಟಿಸಿದಳು.

“ಭಯ ಆಗ್ತಿದ್ಯೇನೋ?”

“ಗೊತ್ತಾಗ್ತಿಲ್ಲಕ್ಕ.”

“ನಂಗೂ ಅಷ್ಟೇ,” ಅಂದು ಅಕ್ಕ ಗೇರು ಬದಲಿಸಿದಳು.